ಕುಣಿಯುವ ಕಪ್ಪೆಯ ಹಳ್ಳ ಕಾಯುವುದು ಹೇಗೆ?

ಮಳೆಗಾಲದ ಅಬ್ಬರ ಇಳಿದು, ಹಳ್ಳದ ನೀರು ಕೆಂಪು ಬಣ್ಣ ಕಳೆದು ತಿಳಿಯಾಗುವ ಹೊತ್ತಿಗೆ ಮಲೆನಾಡಿನ ಕಾಡುತೊರೆಗಳಲ್ಲಿ ಒಂದು ಪುಟ್ಟ ಕಪ್ಪೆಯ ಸಂಸಾರ ಶುರುವಾಗುತ್ತದೆ. ನಮ್ಮ ಬಹುಪಾಲು ಕಪ್ಪೆಗಳು ಜೂನ್ ತಿಂಗಳ ಮೊದಲ ಮಳೆಗೇ ವಟಗುಟ್ಟಿ, ಗದ್ದೆಯಲ್ಲೋ ಹೊಂಡದಲ್ಲೋ ಮೊಟ್ಟೆಯಿಟ್ಟು ಮುಗಿಸಿರುತ್ತವೆ. ಈ ಕಪ್ಪೆ ಮಾತ್ರ ಸೆಪ್ಟೆಂಬರ್ ಬರಲಿ ಎಂದು ಕಾಯುತ್ತದೆ. ರಾತ್ರಿಯ ಜೀವಿಯೂ ಅಲ್ಲ. ಅದರ ವ್ಯವಹಾರವೆಲ್ಲ ಹಾಡಹಗಲೇ. ಹರಿವ ನೀರಿನ ನಡುವೆ ಒದ್ದೆ ಬಂಡೆಯ ಮೇಲೆ ಗಂಡು ಕೂರುತ್ತದೆ, ಬೆಳ್ಳನೆಯ ಗಂಟಲ ಚೀಲ ಉಬ್ಬಿಸಿ ಚಿರ್‌ಗುಟ್ಟುತ್ತದೆ. ಆಮೇಲೆ ಒಂದು ಹಿಂಗಾಲನ್ನು ಉದ್ದಕ್ಕೆ ಚಾಚಿ, ಬೆರಳುಗಳ ನಡುವಿನ ಪೊರೆ ಬಿಡಿಸಿ, ಗಾಳಿಯಲ್ಲಿ ಒಮ್ಮೆ ಬೀಸಿ ಮಡಿಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲು. ಎರಡೂವರೆ ಸೆಂಟಿಮೀಟರ್ ಆಸುಪಾಸಿನ ಈ ಜೀವಿಗೆ ‘ಕುಣಿಯುವ ಕಪ್ಪೆ’ ಎಂಬ ಹೆಸರು ಬಂದಿದ್ದು ಇದರಿಂದಲೇ.

ಕುಣಿತಕ್ಕೆ ಕಾರಣ ಹಳ್ಳದ ಸದ್ದು. ಕಲ್ಲಿನಿಂದ ಕಲ್ಲಿಗೆ ಧುಮುಕುವ ನೀರಿನ ಮೊರೆತದಲ್ಲಿ ಇಷ್ಟು ಸಣ್ಣ ಗಂಟಲಿನ ಕೂಗು ಎಷ್ಟು ದೂರ ತಲುಪೀತು? ಕೂಗಿನ ಸ್ವರವೇನೋ ನೀರಿನ ಸದ್ದಿಗಿಂತ ಮೇಲಿನ ಶ್ರುತಿಯಲ್ಲಿದೆ. ಆದರೂ ಸಾಲದು ಎಂಬಂತೆ, ಕೂಗಿ ಗಮನ ಸೆಳೆದು, ಕಾಲು ಬೀಸಿ ‘ಇದು ನನ್ನ ಬಂಡೆ’ ಎಂದು ತಿಳಿಸುವ ಪದ್ಧತಿ ಬೆಳೆದಿದೆ. ಗಂಡುಗಳು ತೀರಾ ಹತ್ತಿರ ಬಂದಾಗ ಒಂದನ್ನೊಂದು ಒದೆಯುವುದೂ ಉಂಟು. ಕೆ.ವಿ. ಗುರುರಾಜ ಅವರೂ ಇದ್ದ ಭಾರತ-ಆಸ್ಟ್ರಿಯಾ ಸಂಶೋಧಕರ ತಂಡ ಈ ಒದೆತವನ್ನೂ ಕಾಲುಬೀಸುವಿಕೆಯನ್ನೂ ಹೋಲಿಸಿ 2013ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿತ್ತು. ಜಗಳದ ಒದೆತವೇ ಕಾಲಾಂತರದಲ್ಲಿ ಮೈಮುಟ್ಟದ ಸಂಕೇತವಾಗಿ ಮಾರ್ಪಟ್ಟಿರಬೇಕೆಂಬುದು ಅದರ ತರ್ಕ.

ನೋಡಲು ಇಷ್ಟು ಚೆಂದದ ಜೀವಿಯನ್ನು ಉಳಿಸುವ ಕೆಲಸ ಶುರುವಾಗಬೇಕಿರುವುದು ಮಾತ್ರ ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ, ಹಳ್ಳದ ತಳದ ಮರಳು-ಜಲ್ಲಿಯಲ್ಲಿ. ಏಕೆಂದು ಬಿಡಿಸಿ ಹೇಳುತ್ತೇನೆ.

ಮೊದಲು ಕುಲಗೋತ್ರ ಚುಟುಕಾಗಿ ನೋಡೋಣ. ಮೈಕ್ರಿಕ್ಸಾಲಸ್ ಎಂಬ ಈ ಕುಲ ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಕುಲ ಮಾತ್ರವಲ್ಲ, ಅದು ಸೇರಿರುವ ಇಡೀ ಕುಟುಂಬವೇ ಇಲ್ಲಿಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, ‘ಕರೆಂಟ್ ಸೈನ್ಸ್’ನ ಮೊದಲ ಸಂಪಾದಕರೂ ಆಗಿದ್ದ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಈ ಗುಂಪಿನ ಎರಡು ಕಪ್ಪೆಗಳನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಒಂದು ಹಾಸನ ಜಿಲ್ಲೆಯ ಕೆಂಪುಹೊಳೆಯದು. ಇನ್ನೊಂದು, ಚಾರ್ಮಾಡಿ ಘಾಟಿಯ ಪ್ರಯಾಣಿಕರು ನೀರುದೋಸೆಗೆ ಬಸ್ಸಿಳಿಯುವ ಕೊಟ್ಟಿಗೆಹಾರದ್ದು. ಆ ಊರಿನ ಹೆಸರೇ ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂದು ಕಪ್ಪೆಗೂ ಅಂಟಿತು. ರಾವ್ ಜೋಪಾನ ಮಾಡಿದ್ದ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಹಾಗಾಗಿ ಘಟ್ಟದ ಬೇರೆ ಬೇರೆ ಕಡೆಯ ಕುಣಿಯುವ ಕಪ್ಪೆಗಳನ್ನೆಲ್ಲ ಬಹುಕಾಲ ಒಂದೆರಡು ಹೆಸರಿನಲ್ಲೇ ಕರೆಯಲಾಗುತ್ತಿತ್ತು. 2014ರಲ್ಲಿ ಕಪ್ಪೆ ಸಂಶೋಧಕ ಎಸ್.ಡಿ. ಬಿಜು ಮತ್ತು ಸಂಗಡಿಗರು ಡಿಎನ್‌ಎ ಪರೀಕ್ಷೆಯ ನೆರವಿನಿಂದ ಗೊಂದಲ ಬಿಡಿಸಿ, ಒಂದೇ ಪ್ರಬಂಧದಲ್ಲಿ 14 ಹೊಸ ಪ್ರಭೇದಗಳನ್ನು ಹೆಸರಿಸಿದರು. ಶಿವಮೊಗ್ಗ ಜಿಲ್ಲೆಯ ನಿಲುವಾಸೆಯ ಹೆಸರು ಹೊತ್ತ ಕಪ್ಪೆಯೂ ಅದರಲ್ಲಿದೆ. ಈಗ ಒಟ್ಟು 24 ಪ್ರಭೇದ.

ಇದರಿಂದ ಸಂರಕ್ಷಣೆಯ ಲೆಕ್ಕಾಚಾರವೇ ತಲೆಕೆಳಗಾಯಿತು. ಘಟ್ಟದುದ್ದಕ್ಕೂ ಹರಡಿದೆ ಎಂದುಕೊಂಡಿದ್ದ ಒಂದು ಕಪ್ಪೆ, ನೋಡಿದರೆ ಕೆಲವೇ ಹಳ್ಳಗಳಿಗೆ ಸೀಮಿತವಾದ ಹಲವು ಕಪ್ಪೆಗಳು! ಒಂದು ಕಣಿವೆ ಕೆಟ್ಟರೆ ಪಕ್ಕದ ಕಣಿವೆಯಿಂದ ಬಂದು ತುಂಬಿಕೊಳ್ಳುತ್ತದೆ ಎಂಬ ಭರವಸೆಗೆ ಆಧಾರವಿಲ್ಲದಂತಾಯಿತು. ಜಗತ್ತಿನ 8,011 ಉಭಯವಾಸಿಗಳ ಸ್ಥಿತಿಗತಿಯ ವರದಿ 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಶೇ 40.7ರಷ್ಟು ಅಳಿವಿನಂಚಿನತ್ತ ಸಾಗಿವೆ ಎಂದು ಅದು ಹೇಳಿತು. ಕುಣಿಯುವ ಕಪ್ಪೆಗಳ ಕುಲದಲ್ಲಂತೂ ಬಹುಪಾಲು ಪ್ರಭೇದಗಳು ಅಪಾಯದ ಪಟ್ಟಿಯಲ್ಲಿವೆ.

ಜಲ್ಲಿಯೊಳಗಿನ ಬಾಣಂತಿಕೋಣೆ

ಕಪ್ಪೆ ಮೊಟ್ಟೆ ಎಂದರೆ ನೀರ ಮೇಲೆ ತೇಲುವ ಲೋಳೆಯ ಮುದ್ದೆ ನಮಗೆ ನೆನಪಾಗುತ್ತದೆ. ಕುಣಿಯುವ ಕಪ್ಪೆಯ ರೀತಿ ಬೇರೆ. ಗಂಡನ್ನು ಬೆನ್ನ ಮೇಲೆ ಹೊತ್ತ ಹೆಣ್ಣು, ಹಳ್ಳದ ಅಂಚಿನಲ್ಲಿ ನೀರು ತೆಳುವಾಗಿ ಹರಿಯುವ ಜಾಗ ಹುಡುಕುತ್ತದೆ. ಹಿಂಗಾಲಿನಿಂದ ತಳದ ಮರಳು, ಸಣ್ಣ ಜಲ್ಲಿ ಕೆದರಿ ಗುಳಿ ತೋಡುತ್ತದೆ. ಮೊಟ್ಟೆಯಿಟ್ಟು, ಅದೇ ಕಾಲಿನಿಂದ ಜಲ್ಲಿ ಎಳೆದು ಮುಚ್ಚಿ ಹೊರಡುತ್ತದೆ. ಮಧ್ಯ ಪಶ್ಚಿಮಘಟ್ಟದಲ್ಲಿ ಇದನ್ನು ಗಮನಿಸಿದ ಗುರುರಾಜ, ಕಪ್ಪೆಗಳಲ್ಲಿ ಅದುವರೆಗೆ ದಾಖಲಾಗದ ಸಂತಾನಕ್ರಮವೆಂದು 2010ರಲ್ಲಿ ವರದಿ ಮಾಡಿದರು.

ಹೂತಿಟ್ಟ ಮೊಟ್ಟೆಗೆ ಲಾಭವಿದೆ: ಮೀನು, ಏಡಿಗಳಿಗೆ ಸುಲಭಕ್ಕೆ ಸಿಗುವುದಿಲ್ಲ; ತಡವಾಗಿ ಬಂದ ಮಳೆಗೆ ಕೊಚ್ಚಿಹೋಗುವ ಭಯವೂ ಕಡಿಮೆ. ಜೊತೆಗೆ ಒಂದು ಷರತ್ತೂ ಇದೆ. ಮೊಟ್ಟೆಯೊಳಗಿನ ಮರಿಯೂ ಉಸಿರಾಡಬೇಕು. ಜಲ್ಲಿಕಲ್ಲುಗಳ ನಡುವಿನ ಸಂದುಗಳಲ್ಲಿ ತಣ್ಣನೆಯ ನೀರು ಸದಾ ನುಸುಳುತ್ತ ಆಮ್ಲಜನಕ ತಂದುಕೊಡಬೇಕು. ಹರಿವು ನಿಂತರೆ ಅಥವಾ ನುಣುಪು ಮಣ್ಣು ಬಂದು ಸಂದುಗಳನ್ನು ಮೆತ್ತಿದರೆ, ಮೇಲ್ನೋಟಕ್ಕೆ ನೀರು ತುಂಬಿದ ಹಳ್ಳದಲ್ಲೇ ಮೊಟ್ಟೆಗಳು ಉಸಿರುಕಟ್ಟಿ ಸಾಯುತ್ತವೆ.

ಮೊಟ್ಟೆಯೊಡೆದ ಮೇಲಿನ ಕತೆ ಇನ್ನೂ ಅಚ್ಚರಿಯದು. ಇಷ್ಟೊಂದು ಕುಣಿಯುವ ಕಪ್ಪೆಗಳಿರುವ ಹಳ್ಳಗಳಲ್ಲಿ ಅವುಗಳ ಗೊದಮೊಟ್ಟೆ ಎಲ್ಲಿ ಎಂಬ ಪ್ರಶ್ನೆ ಸಂಶೋಧಕರನ್ನು ಬಹುಕಾಲ ಕಾಡಿತ್ತು. 2016ರಲ್ಲಿ ಭಾರತ, ಶ್ರೀಲಂಕಾ ಮತ್ತು ಅಮೆರಿಕದ ಸಂಶೋಧಕರು ಉತ್ತರ ಕೊಟ್ಟರು: ಅವು ಹಳ್ಳದ ತಳದ ಮರಳೊಳಗೇ ಬದುಕುತ್ತವೆ. ದಕ್ಷಿಣ ಘಟ್ಟದ ಮೈಕ್ರಿಕ್ಸಾಲಸ್ ಹೆರ್ರೆ ಎಂಬ ಪ್ರಭೇದದ ಮರಿಗಳನ್ನು ಮರಳು ಬಗೆದು ತೆಗೆದಾಗ ಕಂಡಿದ್ದು ಎರೆಹುಳುವಿನಂತೆ ಬಳುಕುವ ಉದ್ದನೆಯ ಮೈ, ಚರ್ಮ ಮುಚ್ಚಿದ ಕಣ್ಣು. ಬೇರೆ ಗೊದಮೊಟ್ಟೆಗಳ ಬಾಯಲ್ಲಿರುವ ಹಲ್ಲುಸಾಲುಗಳು ಇವಕ್ಕಿಲ್ಲ. ಗರಗಸದಂಚಿನ ದವಡೆಪೊರೆ ಮಾತ್ರ ಇದೆ. ಗೊದಮೊಟ್ಟೆಯ ವಯಸ್ಸಿಗೇ ಪಕ್ಕೆಲುಬು ಮೂಡಿರುತ್ತದೆ. ಕರುಳಿನ ತುಂಬ ಮರಳು; ಅದರೊಂದಿಗೆ ಬಂದ ಕೊಳೆತ ಸಾವಯವ ಕಣಗಳೇ ಅವುಗಳ ಊಟ. ಮೈಯೊಳಗೆ ಸುಣ್ಣದ ಚೀಲಗಳಿವೆ. ಕಾಲು ಮೂಡಿ ಪುಟ್ಟ ಕಪ್ಪೆಯಾಗುವವರೆಗೂ ಅವು ಬೆಳಕಿಗೆ ಬರುವುದಿಲ್ಲ.

ಇಷ್ಟು ತಿಳಿದ ಮೇಲೆ ಸಂರಕ್ಷಣೆಯ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಬಂಡೆಯ ಮೇಲೆ ಕುಣಿಯುವ ಗಂಡುಗಳನ್ನು ಎಣಿಸಿ ‘ಕಪ್ಪೆ ಚೆನ್ನಾಗಿದೆ’ ಎಂದರೆ ಅರ್ಧ ಮಾತಷ್ಟೇ ಆಯಿತು. ಮುಂದಿನ ಪೀಳಿಗೆ ಜಲ್ಲಿಯಡಿ ಇದೆಯೋ ಇಲ್ಲವೋ ಎಂಬುದು ಹರಿವು, ಮಣ್ಣು, ನೆರಳು ಈ ಮೂರನ್ನು ಅವಲಂಬಿಸಿದೆ. ಅದೂ ಸೆಪ್ಟೆಂಬರ್‌ನಿಂದ ಬೇಸಿಗೆಯವರೆಗೆ. ನಮ್ಮ ಊರುಗಳು ಹಳ್ಳಕ್ಕೆ ಕೈಹಾಕುವ ಕಾಲವೂ ಅದೇ. ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಟದ ನೀರಿನ ಚಿಂತೆ ಶುರುವಾಗುತ್ತದೆ. ಮಳೆ ನಿಂತಿತೆಂದು ರಸ್ತೆ ಕಾಮಗಾರಿ, ಮೋರಿ ಕೆಲಸ ಆರಂಭವಾಗುತ್ತವೆ. ಮರಳು ಎತ್ತುವವರು ಇಳಿಯುತ್ತಾರೆ. ಪ್ರವಾಸಿಗರು ಜಲಪಾತಕ್ಕೆ ಬರುತ್ತಾರೆ. ಈ ಪಂಚಾಂಗಗಳು ಒಂದರ ಮೇಲೊಂದು ಬಿದ್ದಿರುವುದೇ ಕುಣಿಯುವ ಕಪ್ಪೆಯ ದೊಡ್ಡ ಸಂಕಟವೆಂದು ನನಗೆ ಅನ್ನಿಸುತ್ತದೆ. ಪರಿಹಾರದ ದಾರಿಯೂ ಅಲ್ಲೇ ಇದೆ, ಏಕೆಂದರೆ ಇದರಲ್ಲಿ ಬಹಳಷ್ಟನ್ನು ಸ್ವಲ್ಪ ಹಿಂದೆ-ಮುಂದೆ ಮಾಡಿದರೆ, ಸ್ವಲ್ಪ ಅತ್ತಿತ್ತ ಸರಿಸಿದರೆ ಸಾಕು.

ನೀರು ಬರುವುದು ಮೇಲಿನ ಕಾಡಿನಿಂದ

ಡಿಸೆಂಬರ್ ಕಳೆದ ಮೇಲೂ ಹಳ್ಳ ಹರಿಯಬೇಕಾದರೆ ಅದರ ನೆತ್ತಿಯ ಗುಡ್ಡ ಮಳೆನೀರನ್ನು ಹೀರಿ ಇಟ್ಟುಕೊಂಡಿರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಶರಾವತಿ, ಅಘನಾಶಿನಿ ಮೊದಲಾದ ನದಿಗಳ ಜಲಾನಯನದಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸಿದ್ದಾರೆ. ಜಲಾನಯನದ ಶೇ 60ಕ್ಕಿಂತ ಹೆಚ್ಚು ಭಾಗದಲ್ಲಿ ಸ್ಥಳೀಯ ಜಾತಿಯ ಮರಗಳ ಕಾಡಿದ್ದಲ್ಲಿ ತೊರೆಗಳು ವರ್ಷವಿಡೀ ಹರಿಯುತ್ತವೆ, ಏಕಜಾತಿಯ ನೆಡುತೋಪುಗಳಿರುವಲ್ಲಿ ಮಳೆಗಾಲ ಮುಗಿದ ಕೆಲವು ತಿಂಗಳಿಗೇ ಬತ್ತುತ್ತವೆ ಎಂಬುದು ಅವರ ಮುಖ್ಯ ಕಾಣ್ಕೆಗಳಲ್ಲೊಂದು. ಅಕೇಶಿಯಾ ನೆಟ್ಟು ಗುಡ್ಡ ಹಸಿರಾಯಿತು ಎಂದು ಸಮಾಧಾನಪಟ್ಟವರು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಪ್ಪೆಗೆ ಬೇಕಿರುವುದು ಹಸಿರಲ್ಲ, ಜನವರಿಯಲ್ಲೂ ಜಲ್ಲಿಯ ಸಂದಿನಲ್ಲಿ ನುಸುಳುವ ನೀರು. ಶರಾವತಿ ಕಣಿವೆಯ ಕಪ್ಪೆ ಸಮೀಕ್ಷೆಗಳಲ್ಲೂ ಘಟ್ಟಕ್ಕೇ ಮೀಸಲಾದ ಪ್ರಭೇದಗಳು ಹೆಚ್ಚು ಕಂಡಿದ್ದು ಮೇಲ್ಚಾವಣಿ ದಟ್ಟವಾದ, ತೊರೆ ಬತ್ತದ ಕಡೆಗಳಲ್ಲೇ.

ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಕತ್ತಲೆಕಾನು ಇದಕ್ಕೆ ಜೀವಂತ ಉದಾಹರಣೆ. ಕುಣಿಯುವ ಕಪ್ಪೆಯ ನಡವಳಿಕೆಯ ಮುಖ್ಯ ಅಧ್ಯಯನಗಳು ನಡೆದ ಕಾಡು ಇದು. ಇಲ್ಲಿ ರಾಂಪತ್ರೆ ಜಡ್ಡಿಗಳಿವೆ. ನೀರಲ್ಲಿ ನಿಂತು ಬೇರನ್ನು ಮಂಡಿಯಂತೆ ಮೇಲೆತ್ತಿ ಉಸಿರಾಡುವ ಮರಗಳ ಪುರಾತನ ಜೌಗುಕಾಡು. ಪರಿಸರ ವಿಜ್ಞಾನಿ ಎಂ.ಡಿ. ಸುಭಾಷ್ ಚಂದ್ರನ್ ಮೊದಲಾದವರು ಇವುಗಳ ಮಹತ್ವವನ್ನು ಬರೆದು, ಹೇಳಿ, ಸರ್ಕಾರದ ಗಮನಕ್ಕೆ ತಂದ ಮೇಲೆ 2011ರಲ್ಲಿ ಈ ಪ್ರದೇಶ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿಗೆ ಸೇರಿತು. ಸಿಂಗಳೀಕದ ಹೆಸರಿನಲ್ಲಿ ಕಪ್ಪೆಗೂ ರಕ್ಷಣೆ ಸಿಕ್ಕಿದ್ದು ಒಳ್ಳೆಯದೇ. ಇದೇ ತೊರೆಗಳಲ್ಲಿ ಕುಂಬಾರ ಕಪ್ಪೆಯೂ ಇದೆ. 2014ರಲ್ಲಿ ಹೆಸರಿಟ್ಟ ಈ ಇರುಳುಗಪ್ಪೆಯ ಗಂಡು, ನೀರಿನ ಮೇಲೆ ಕೊಂಬೆಗೋ ಬಂಡೆಗೋ ಅಂಟಿಸಿದ ಮೊಟ್ಟೆಗಳಿಗೆ ಮುಂಗೈಯಿಂದ ಕೆಸರು ತಂದು ಮೆತ್ತುತ್ತದೆ. ಒಂದೇ ಹಳ್ಳ, ಒಂದಕ್ಕೆ ತಳದ ಜಲ್ಲಿ ಬೇಕು, ಇನ್ನೊಂದಕ್ಕೆ ದಡದ ಕೆಸರು ಬೇಕು. ಹಳ್ಳವನ್ನು ಹಳ್ಳವಾಗಿ ಬಿಟ್ಟರೆ ಎರಡೂ ಬದುಕುತ್ತವೆ.

ಆದರೆ ಎಲ್ಲ ಹಳ್ಳಗಳೂ ಮೀಸಲು ಕಾಡಿನೊಳಗಿಲ್ಲ. ಮಲೆನಾಡಿನಲ್ಲಿ ತೋಟದ ನೆತ್ತಿಯಲ್ಲಿ ಸೊಪ್ಪಿನ ಬೆಟ್ಟವಿದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಸೊಪ್ಪು ಕಡಿದು ಕಡಿದು ಬೋಳಾದ ಬೆಟ್ಟಗಳೂ ಇವೆ, ಕಾಡಿನಂತೆ ಉಳಿಸಿಕೊಂಡ ಬೆಟ್ಟಗಳೂ ಇವೆ. ಹಳ್ಳ ಹುಟ್ಟುವ ಒರತೆಯ ಸುತ್ತ ಮತ್ತು ಹಳ್ಳದ ಎರಡೂ ದಡದಲ್ಲಿ ಸೊಪ್ಪು ಕಡಿಯದೆ, ದರಕು ಗುಡಿಸದೆ ಬಿಟ್ಟರೆ ಅಷ್ಟು ದೂರ ನೆರಳು ಕೂಡುತ್ತದೆ, ನೀರು ತಂಪಾಗಿರುತ್ತದೆ, ಮೇಲಿನಿಂದ ಬರುವ ಮಣ್ಣು ದರಕಿನಲ್ಲಿ ತಂಗುತ್ತದೆ. ಗೊಬ್ಬರದ ಸೊಪ್ಪಿಗೆ ಉಳಿದ ಬೆಟ್ಟವಿದ್ದೇ ಇದೆ. ಅರಣ್ಯ ಇಲಾಖೆಯ ಅನುಮತಿ, ಅನುದಾನ ಯಾವುದನ್ನೂ ಕಾಯದೆ ಬೆಟ್ಟದ ಹಕ್ಕಿರುವ ಕುಟುಂಬವೇ ಮಾಡಬಹುದಾದ ಕೆಲಸವಿದು.

ಒಡ್ಡು, ಮೈಲುತುತ್ತ, ಮೋರಿ

ಈಗ ತೋಟದ ನೀರಿನ ವಿಷಯಕ್ಕೆ ಬರೋಣ. ಅಡಿಕೆ ಬೆಳೆಗಾರನಿಗೆ ಬೇಸಿಗೆಯ ನೀರು ಬೇಕೇಬೇಕು. ಕಪ್ಪೆಗಾಗಿ ಒಡ್ಡು ಕಟ್ಟಬೇಡಿ ಎಂದರೆ ಆ ಮಾತಿಗೆ ನ್ಯಾಯವೂ ಇಲ್ಲ, ಕೇಳುವವರೂ ಇಲ್ಲ. ಒಡ್ಡು ಏನು ಮಾಡುತ್ತದೆ ಎಂದು ತಿಳಿದು ಕಟ್ಟುವುದು ಮುಖ್ಯ. ಹಳ್ಳಕ್ಕೆ ಅಡ್ಡಲಾಗಿ ಮಣ್ಣು, ಮರಳುಚೀಲದ ಒಡ್ಡು ಹಾಕಿದಾಗ ಮೇಲುಗಡೆ ಹರಿವು ನಿಂತು ಮಡುವಾಗುತ್ತದೆ. ನಿಂತ ನೀರಿನಲ್ಲಿ ಮಣ್ಣು ತಳಕ್ಕಿಳಿದು ಜಲ್ಲಿಯ ಸಂದುಗಳನ್ನು ಮುಚ್ಚುತ್ತದೆ. ಕೆಳಗಡೆ ನೀರಿಲ್ಲದೆ ಜಲ್ಲಿ ಒಣಗುತ್ತದೆ. ಅಲ್ಲಿಗೆ ಮೇಲಿನ ಮೊಟ್ಟೆ ಉಸಿರುಕಟ್ಟಿತು, ಕೆಳಗಿನ ಗೊದಮೊಟ್ಟೆ ಒಣಗಿತು. ಒಡ್ಡಿಗೆ ಬೇಕಾದ ಮರಳು, ಕಲ್ಲನ್ನು ಅಲ್ಲಿಂದಲೇ ಬಗೆದಿದ್ದರೆ ಮೂರನೆಯ ಪೆಟ್ಟು.

ಹಾಗಾದರೆ ಏನು ಮಾಡಬಹುದು? ಒಡ್ಡಿನ ಬುಡದಲ್ಲಿ ಒಂದು ಪೈಪು ಕೂರಿಸಿ ಸದಾ ತೆರೆದಿಟ್ಟರೆ ಕೆಳಗಿನ ಹರಿವು ಕಡಿಯುವುದಿಲ್ಲ. ಒಡ್ಡನ್ನು ಕಾಡಿನ ನೆರಳಿರುವ ಕಲ್ಲುಹಾಸಿನ ಭಾಗದಲ್ಲಿ ಹಾಕದೆ, ತೋಟದ ಹತ್ತಿರ ಹಳ್ಳ ಸಮತಟ್ಟಾಗುವಲ್ಲಿ ಹಾಕಬಹುದು. ಕುಣಿಯುವ ಕಪ್ಪೆಗೆ ಸಮತಟ್ಟಿನ ಮಡು ಹೇಗೂ ಒಗ್ಗುವುದಿಲ್ಲ. ನವೆಂಬರ್‌ನಲ್ಲೇ ಅವಸರಪಟ್ಟು ಕಟ್ಟದೆ, ಹರಿವು ನಿಜಕ್ಕೂ ಕುಗ್ಗುವವರೆಗೆ ಕಾದರೆ ಅಷ್ಟು ದಿನದ ಮೊಟ್ಟೆಗಳು ಬಚಾವು. ಇವೆಲ್ಲಕ್ಕಿಂತ ಒಳ್ಳೆಯದು ಹಳ್ಳದ ಹೊರಗೆ ತೊಟ್ಟಿಯನ್ನೋ ಹೊಂಡವನ್ನೋ ಮಾಡಿಕೊಂಡು, ಮೇಲಿನಿಂದ ಸಣ್ಣ ಪೈಪಿನಲ್ಲಿ ಹರಿವಿನ ಒಂದು ಪಾಲನ್ನು ಮಾತ್ರ ರಾತ್ರಿಯಿಡೀ ತುಂಬಿಸಿಕೊಳ್ಳುವುದು. ಅಡಿಕೆ ದಬ್ಬೆಯಲ್ಲಿ ಅಬ್ಬಿನೀರು ಹಾಯಿಸುತ್ತಿದ್ದ ಕಾಲದಲ್ಲಿ ಮನೆಗಳು ನಡೆದಿದ್ದೂ ಈ ಕ್ರಮದಲ್ಲೇ. ದಬ್ಬೆಗೆ ಬಂದಷ್ಟು ಮನೆಗೆ, ಉಳಿದಿದ್ದು ಹಳ್ಳಕ್ಕೆ. ಹಳ್ಳಕ್ಕೆ ಜೆಸಿಬಿ ಇಳಿಸಿ ‘ಹೂಳು ತೆಗೆಸುವುದು’ ಮಾತ್ರ ಯಾವ ಕಾರಣಕ್ಕೂ ಬೇಡ. ಕೆರೆಗೆ ಹೂಳೆತ್ತುವುದು ಆರೋಗ್ಯ; ಕಾಡುತೊರೆಯ ತಳ ಎತ್ತಿದರೆ ಒಂದಿಡೀ ವರ್ಷದ ಮರಿಗಳು ಟಿಪ್ಪರ್ ಏರಿ ಹೋಗುತ್ತವೆ.

ಎರಡನೆಯದು ಮೈಲುತುತ್ತ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದ ಅಡಿಕೆ ತೋಟ ಅಪರೂಪ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಡುವೆ ಇನ್ನೊಮ್ಮೆ. ಮಳೆ ಜೋರಾದರೆ ಮತ್ತೊಮ್ಮೆ. ಮೈಲುತುತ್ತದಲ್ಲಿರುವುದು ತಾಮ್ರ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿಗೆ, ಕೆಸರಿಗೆ ಅಂಟಿ ತಳದಲ್ಲೇ ಉಳಿಯುತ್ತದೆ. ಗೊದಮೊಟ್ಟೆಗಳಿಗೆ ಅದು ವಿಷವೆಂಬುದು ಬೇರೆ ಬೇರೆ ದೇಶಗಳ ಪ್ರಯೋಗಗಳಲ್ಲಿ ಸಿದ್ಧಪಟ್ಟ ಸಂಗತಿ. ಮರಳನ್ನೇ ನುಂಗಿ ಬದುಕುವ ಗೊದಮೊಟ್ಟೆಗೆ ತಳದ ಕೆಸರಿನಲ್ಲಿ ಕೂತ ತಾಮ್ರ ಎಷ್ಟು ಹತ್ತಿರದ ಅಪಾಯವೆಂದು ಊಹಿಸಬಹುದು. ಮರದಿಂದ ತೊಟ್ಟಿಕ್ಕಿದ್ದು ಹಳ್ಳ ಸೇರುವುದನ್ನು ಪೂರ್ತಿ ತಡೆಯಲಾಗದು. ಹೆಚ್ಚಿನ ಹಾನಿ ಮಾಡುವ ಡ್ರಮ್ಮಿನ ತಳದ ಗಸಿಯನ್ನು ತಡೆಯಬಹುದು. ಸುಲಭಕ್ಕೆ ನೀರು ಸಿಗುತ್ತದೆಂದು ಔಷಧಿ ಕದಡುವುದು ಹಳ್ಳದ ದಡದಲ್ಲಿ, ಕೆಲಸ ಮುಗಿದ ಮೇಲೆ ಡ್ರಮ್ಮು, ಪಂಪು ತೊಳೆಯುವುದು ಹಳ್ಳದಲ್ಲಿ. ಈ ಎರಡನ್ನೂ ದಡದಿಂದ ದೂರ, ನೀರು ಇಂಗುವ ಜಾಗಕ್ಕೆ ಸರಿಸಿದರೆ ಖರ್ಚಿಲ್ಲದೆ ದೊಡ್ಡ ಉಪಕಾರವಾಗುತ್ತದೆ. ಹಳ್ಳದಂಚಿನ ಒಂದೆರಡು ಸಾಲು ಮರಗಳ ಕೊನೆಗೆ ಔಷಧಿಯ ಬದಲು ಮಳೆ ತಾಗದಂತೆ ಕೊಟ್ಟೆ ಕಟ್ಟುವುದೂ ಸಾಧ್ಯ. ಕರಡದ ಕೊಟ್ಟೆ ಹೆಣೆಯುವ ಕೈಗಳು ಕಡಿಮೆಯಾಗಿದ್ದರೂ ಆ ವಿದ್ಯೆ ಊರುಗಳಲ್ಲಿ ಇನ್ನೂ ಇದೆ. ಬೇಸಿಗೆಯ ಗುಂಡಿಗಳಿಗೆ ಬ್ಲೀಚಿಂಗ್ ಪೌಡರ್ ಸುರಿದು ಮೀನು ಹಿಡಿಯುವ ಚಾಳಿಯ ಬಗ್ಗೆ ವಿವರಣೆಯೇ ಬೇಡ. ಅದನ್ನು ಊರವರೇ ನಿಂತು ತಡೆಯಬೇಕು.

ಮೂರನೆಯದು ಮೋರಿ. ಹಳ್ಳ ದಾಟಲು ಎರಡು ಹ್ಯೂಮ್ ಪೈಪು ಇಟ್ಟು ಮೇಲೆ ಮಣ್ಣು ಸುರಿದರೆ ರಸ್ತೆಯಾಯಿತು. ಕೆಲವೇ ಮಳೆಗಾಲದಲ್ಲಿ ಪೈಪಿನ ಬಾಯಿಯ ಕೆಳಗೆ ನೀರು ಧುಮುಕಿ ಗುಂಡಿ ಬೀಳುತ್ತದೆ, ಪೈಪಿನೊಳಗೆ ಜಲ್ಲಿ ಇಲ್ಲದ ನುಣ್ಣನೆಯ ಸಿಮೆಂಟು ಉಳಿಯುತ್ತದೆ, ಬದಿಯ ಹೊಸ ಮಣ್ಣು ಪ್ರತಿ ಮಳೆಗೂ ಜಾರಿ ತಳ ಸೇರುತ್ತದೆ. ತೆಳುಚರ್ಮದ ಈ ಪುಟ್ಟ ಕಪ್ಪೆ ಒಣ ರಸ್ತೆ ಹತ್ತಿ ಇಳಿದು ಆಚೆ ಸೇರುವುದು ಕಷ್ಟ. ನಡೆದು ದಾಟುವಲ್ಲಿ ನಮ್ಮ ಹಳೆಯ ಕಾಲುಸಂಕಕ್ಕಿಂತ ಒಳ್ಳೆಯ ವಿನ್ಯಾಸವಿಲ್ಲ, ಅದು ತಳವನ್ನು ಮುಟ್ಟುವುದೇ ಇಲ್ಲ. ವಾಹನ ಹೋಗಲೇಬೇಕಾದಲ್ಲಿ ಹಳ್ಳದ ಪೂರ್ತಿ ಅಗಲಕ್ಕೆ, ತಳದ ಕಲ್ಲು-ಮರಳು ಇದ್ದಂತೆಯೇ ಉಳಿಯುವ ಹಾಗೆ ಕಿರುಸೇತುವೆ ಕಟ್ಟುವಂತೆ ಗ್ರಾಮಸಭೆಯಲ್ಲಿ ಕೇಳಿ ಬರೆಯಿಸಬೇಕು. ಅಗೆದ ಮಣ್ಣನ್ನು ಕಣಿವೆಗೆ ತಳ್ಳಕೂಡದೆಂಬ ಷರತ್ತನ್ನೂ ಅದರ ಜೊತೆಗೇ ಸೇರಿಸಬೇಕು.

ಮೃಗಾಲಯದಲ್ಲಿ ಬೆಳೆಸಿದರೆ ಆಗದೇ?

ಈ ಪ್ರಶ್ನೆಗೆ ತಾಂಜಾನಿಯಾದ ಕಿಹಾನ್ಸಿ ಕಣಿವೆ ಉತ್ತರಿಸಿದೆ. ಅಲ್ಲಿನ ಜಲಪಾತದ ಸಿಂಚನದಲ್ಲಿ ಸದಾ ತೊಯ್ದಿರುತ್ತಿದ್ದ ಚೂರು ಹುಲ್ಲುಗಾವಲಿನಲ್ಲಿ ಮಾತ್ರ ಬದುಕಿದ್ದ ಪುಟ್ಟ ಹಳದಿ ನೆಲಗಪ್ಪೆಯೊಂದು 1996ರಲ್ಲಿ ಪತ್ತೆಯಾಯಿತು. ಅಷ್ಟರಲ್ಲಿ ವಿದ್ಯುತ್ ಅಣೆಕಟ್ಟಿನ ಕೆಲಸ ನಡೆದಿತ್ತು. ನೀರು ಸುರಂಗಕ್ಕೆ ತಿರುಗಿದಾಗ ಸಿಂಚನದ ಸುಮಾರು ಶೇ 90 ಭಾಗ ನಿಂತುಹೋಯಿತು. 2000ರಲ್ಲಿ 499 ಕಪ್ಪೆಗಳನ್ನು ಹಿಡಿದು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯಕ್ಕೆ ಒಯ್ದರು. ಬಂಡೆಗಳ ಮೇಲೆ ಪೈಪು ಎಳೆದು ಕೃತಕ ತುಂತುರನ್ನೂ ಹಾಯಿಸಿದರು. ಆದರೂ ಕಣಿವೆಯ ಕಪ್ಪೆಗಳು ಕುಸಿದು, 2009ರಲ್ಲಿ ‘ವನ್ಯಸ್ಥಿತಿಯಲ್ಲಿ ನಿರ್ನಾಮ’ ಎಂದು ಘೋಷಣೆಯಾಯಿತು. ಮೃಗಾಲಯಗಳಲ್ಲಿ ಮರಿ ಮಾಡಿಸಿದ ಕಪ್ಪೆಗಳನ್ನು 2012ರಿಂದ ಮತ್ತೆ ಕಣಿವೆಗೆ ಬಿಡಲಾಗುತ್ತಿದೆ. ತುಂತುರಿನ ಪೈಪುಗಳು ನಿಲ್ಲುವಂತಿಲ್ಲ.

ಆ ಪ್ರಯತ್ನ ಮಾಡಿದವರ ಶ್ರಮಕ್ಕೆ ಗೌರವವಿದೆ. ಇಲ್ಲದಿದ್ದರೆ ಆ ಜೀವಿ ಚಿತ್ರದಲ್ಲಷ್ಟೇ ಉಳಿಯುತ್ತಿತ್ತು. ಆದರೆ ಕಿಹಾನ್ಸಿಯದು ಒಂದೇ ಪ್ರಭೇದ. ನೇರವಾಗಿ ಮರಿ ಹಾಕುವುದರಿಂದ ಸಾಕಲು ಗೊದಮೊಟ್ಟೆಯ ತಾಪತ್ರಯವೂ ಇರಲಿಲ್ಲ. ನಮ್ಮಲ್ಲಿ 24 ಪ್ರಭೇದ, ಒಂದೊಂದಕ್ಕೂ ಹರಿವ ತಳ, ಮರಳೊಳಗಿನ ಬಾಲ್ಯ. ಗಾಜಿನ ತೊಟ್ಟಿಯಲ್ಲಿ ಹಳ್ಳವನ್ನು ಹುಟ್ಟಿಸುವ ಖರ್ಚಿನಲ್ಲಿ ಎಷ್ಟೋ ಹಳ್ಳಗಳನ್ನು ಇದ್ದಲ್ಲೇ ಕಾಯಬಹುದು. ಘಟ್ಟದ ತೊರೆಗಳ ಮೇಲೆ ಕಿರು ಜಲವಿದ್ಯುತ್ ಯೋಜನೆ ಬಂದಾಗ ‘ಅಣೆಕಟ್ಟು ಚಿಕ್ಕದು, ಮುಳುಗಡೆ ಇಲ್ಲ’ ಎಂಬ ಸಮರ್ಥನೆ ಕೇಳುತ್ತೇವೆ. ಮುಳುಗಡೆ ಎಷ್ಟು ಎಂಬುದರ ಜೊತೆಗೆ, ನೀರು ತಿರುಗಿಸುವ ಜಾಗದಿಂದ ವಿದ್ಯುದಾಗಾರದವರೆಗೆ ಎಷ್ಟು ಉದ್ದದ ಹಳ್ಳ, ಯಾವ ತಿಂಗಳುಗಳಲ್ಲಿ ಒಣಗುತ್ತದೆ ಎಂದು ಕೇಳಬೇಕು. ಕಪ್ಪೆಯ ಮಟ್ಟಿಗೆ ನಿರ್ಣಾಯಕವಾದ ಅಂಕಿ ಅದು.

ನೋಡಹೋಗುವವರಿಗೆ

ಕಿಹಾನ್ಸಿಯ ಕುಸಿತದಲ್ಲಿ ಒಂದು ಶಿಲೀಂಧ್ರದ ಕೈವಾಡವೂ ಇತ್ತೆಂಬ ಸಂಶಯವಿದೆ. ಕೈಟ್ರಿಡ್ ಎಂಬ ಈ ಶಿಲೀಂಧ್ರ ಕಪ್ಪೆಯ ಚರ್ಮವನ್ನು ಕಾಡುತ್ತದೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ, ನೀರು-ಲವಣ ಸಮತೋಲನ ಕಾಯುವ ಪ್ರಾಣಿಯಾದ್ದರಿಂದ ಸೋಂಕು ಹೆಚ್ಚಾದರೆ ಹೃದಯ ನಿಂತು ಸಾಯುತ್ತದೆ. ಜಗತ್ತಿನಾದ್ಯಂತ 501 ಪ್ರಭೇದಗಳ ಇಳಿಕೆಗೆ ಈ ರೋಗ ಕಾರಣ, ಅದರಲ್ಲಿ 90 ಅಳಿದಿರಬಹುದು ಎಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯ ವರದಿ ಲೆಕ್ಕ ಹಾಕಿತ್ತು. ಪಶ್ಚಿಮಘಟ್ಟದ ಕಪ್ಪೆಗಳಲ್ಲೂ ಈ ಶಿಲೀಂಧ್ರ ಪತ್ತೆಯಾಗಿದೆ, ಆದರೆ ಬೇರೆಡೆಯಂಥ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. ಆ ಅದೃಷ್ಟವನ್ನು ಪರೀಕ್ಷೆಗೆ ಒಡ್ಡದಿರುವುದು ನಮ್ಮ ಕೈಯಲ್ಲಿದೆ. ಒಂದು ಹಳ್ಳದ ಕೆಸರಿನ ಬೂಟಿನಲ್ಲೇ ಇನ್ನೊಂದು ಹಳ್ಳಕ್ಕೆ ಇಳಿಯಬಾರದು. ಉಜ್ಜಿ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ ಹೋಗಬೇಕು. ಕಪ್ಪೆಯನ್ನು ಮುಟ್ಟಬಾರದು. ಕೈಗೆ ಹಚ್ಚಿದ ಸೊಳ್ಳೆ ಮುಲಾಮು ಆ ಚರ್ಮಕ್ಕೆ ನೇರವಾಗಿ ಇಳಿಯುತ್ತದೆ. ಫೋಟೊಗಾಗಿ ಕಲ್ಲು ಮಗುಚಬಾರದು. ಬಂಡೆಯಿಂದ ಬಂಡೆಗೆ ಕಾಲಿಡಿ, ತೆಳುನೀರಿನ ಜಲ್ಲಿಯ ಮೇಲೆ ನಡೆಯಬೇಡಿ, ಮೊಟ್ಟೆಗಳಿರುವುದು ಅಲ್ಲೇ. ಕುಣಿತ ನೋಡಲು ನಾಲ್ಕೈದು ಮೀಟರ್ ದೂರದಲ್ಲಿ ಅಲುಗಾಡದೆ ಕೂತರೆ ಸಾಕು. ಹೆದರಿ ಸರಿದ ಗಂಡುಗಳು ಸ್ವಲ್ಪ ಹೊತ್ತಿನಲ್ಲೇ ಬಂಡೆಗೆ ಮರಳುತ್ತವೆ.

ನಿಮ್ಮ ಊರಿನ ಹಳ್ಳದಲ್ಲೇ ಈ ಕಪ್ಪೆ ಇದ್ದರೆ ಒಂದು ಕೆಲಸ ಮಾಡಬಹುದು. ನೆರಳಿರುವ ನೂರು ಮೀಟರ್ ಉದ್ದ ಗುರುತು ಹಾಕಿಕೊಳ್ಳಿ. ಸೆಪ್ಟೆಂಬರ್‌ನಿಂದ ಜನವರಿಯವರೆಗೆ ತಿಂಗಳಿಗೊಮ್ಮೆ, ಬೆಳಗಿನ ಒಂದೇ ಹೊತ್ತಿಗೆ, ದಡದಲ್ಲಿ ನಿಧಾನ ನಡೆದು ಕೂಗುವ, ಕಾಲು ಬೀಸುವ ಗಂಡುಗಳನ್ನು ಎಣಿಸಿ. ಜೊತೆಗೆ ಮೂರು ಸಂಗತಿ ಬರೆಯಿರಿ: ಒಂದು ನಿಗದಿತ ಕಲ್ಲಿನ ಪಕ್ಕ ನೀರಿನ ಆಳ, ಜಲ್ಲಿ ಬರಿಗಣ್ಣಿಗೆ ಕಾಣುತ್ತದೆಯೋ ಕೆಸರು ಮುಚ್ಚಿದೆಯೋ, ಮೇಲ್ಗಡೆ ಹೊಸ ಒಡ್ಡು-ಪೈಪು ಬಂದಿದೆಯೋ. ಶಾಲೆಯ ಎಂಟನೇ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ನಿಮ್ಮ ಲೆಕ್ಕದ ಪ್ರತಿ ಅಲ್ಲಿ ಸೇರಲಿ. ಫೋಟೊ, ಧ್ವನಿಮುದ್ರಣ ಇದ್ದರೆ ಇಂಡಿಯಾ ಬಯೊಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ತಜ್ಞರು ಪ್ರಭೇದ ಗುರುತಿಸಿ ಹೇಳುತ್ತಾರೆ. ಕಪ್ಪೆ ಕಾಣದ ತಿಂಗಳಲ್ಲೂ ಸೊನ್ನೆ ಎಂದೇ ಬರೆದಿಡಿ. ಮುಂದೊಂದು ದಿನ ಆ ಹಳ್ಳದ ಮೇಲೆ ಯಾವುದಾದರೂ ಯೋಜನೆ ಬಂದು, ‘ಇಲ್ಲಿ ಅಪರೂಪದ ಜೀವಿಗಳೇನೂ ಇಲ್ಲ’ ಎಂಬ ವರದಿಯನ್ನು ಅಧಿಕಾರಿಗಳು ಅಹವಾಲು ಸಭೆಯಲ್ಲಿ ಓದಿದಾಗ, ತಾರೀಖು ಸಮೇತ ಮೇಜಿನ ಮೇಲೆ ಇಡಲು ಊರಿನ ಕೈಯಲ್ಲಿ ಈ ಲೆಕ್ಕದ ಪುಸ್ತಕ ಇರಬೇಕು.